ಏರ್‌ಪೋರ್ಟ್ ಕೌಂಟರ್ ಕೆಲಸಕ್ಕೆ ಜನ ಸಿಗುತ್ತಿಲ್ಲವಾ, ನಿಲ್ಲುತ್ತಿಲ್ಲವಾ?

ಕೌಂಟರ್‌ಅಕ್ಕ

ಎಂಟು ವರ್ಷದಿಂದ ಬೆಂಗಳೂರು ಏರ್‌ಪೋರ್ಟ್‌ನಲ್ಲಿದ್ದೇನೆ. ಮೊದಲ ಐದು ವರ್ಷ ಚೆಕ್-ಇನ್ ಕೌಂಟರ್‌ನಲ್ಲಿ ನಿಂತೆ, ಈಗ ಶಿಫ್ಟ್ ನೋಡಿಕೊಳ್ಳುತ್ತೇನೆ. ಸಂಸ್ಥೆಯ ಹೆಸರು ಕೇಳಬೇಡಿ, ಹೇಳುವುದಿಲ್ಲ.

ಹೋದ ಸೆಪ್ಟೆಂಬರ್‌ನಲ್ಲಿ ವಾಕ್-ಇನ್ ಇಂಟರ್‌ವ್ಯೂ ಇಟ್ಟಿದ್ದೆವು. ನಮಗೆ ಬೇಕಿದ್ದದ್ದು 18 ಜನ. ಬಂದವರು ಸುಮಾರು 130. ಆಫರ್ ಕೊಟ್ಟದ್ದು 22 ಜನಕ್ಕೆ, ಸೇರಿದ್ದು 15. ಇವತ್ತು ಬೆಳಿಗ್ಗೆ ರೋಸ್ಟರ್ ಹಾಕುವಾಗ ಎಣಿಸಿದೆ, ಅವರಲ್ಲಿ ಉಳಿದಿರುವವರು 6.

ಮೇಲಿನವರ ಮೀಟಿಂಗ್‌ನಲ್ಲಿ ಇದಕ್ಕೆ ಒಂದೇ ಉತ್ತರ: "ಈಗಿನ ಮಕ್ಕಳಿಗೆ ಕಷ್ಟಪಡುವ ಮನಸ್ಸಿಲ್ಲ." ನಾನು ಸುಮ್ಮನಿದ್ದೆ. ಆಮೇಲೆ ಕೆಲಸ ಬಿಟ್ಟ ಒಬ್ಬಳು ಹುಡುಗಿಗೆ ಫೋನ್ ಮಾಡಿ ಅವಳ ಲೆಕ್ಕ ಕೇಳಿದೆ.

ಆಫರ್ ಲೆಟರ್‌ನಲ್ಲಿ ಸಿಟಿಸಿ, ಅಂದರೆ ಅವಳಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ತಿಂಗಳಿಗೆ 26,000. ಅದರಲ್ಲಿ ಕಂಪನಿ ಕಡೆಯ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್ ಎಲ್ಲ ಸೇರಿದೆ. ತೆಗೆದರೆ ಗ್ರಾಸ್ 23,000. ಅವಳ ಪಾಲಿನ ಪಿಎಫ್ 1,560, ಕ್ಯಾಬ್‌ಗೆ 1,200 ಕಡಿತ. ಕೈಗೆ ಬರುವುದು 20,240. ಯಲಹಂಕದಲ್ಲಿ ಮೂವರು ಇರುವ ಪಿಜಿ ರೂಮಿಗೆ ಊಟ ಸೇರಿ 8,500. ಮನೆಗೆ 5,000. ಫೋನು, ಬಸ್ಸು, ಲಿಪ್‌ಸ್ಟಿಕ್, ಸ್ಟಾಕಿಂಗ್ಸ್, ಕಪ್ಪು ಶೂ ಎಲ್ಲ ಸೇರಿ 2,500. ಹೌದು, ಗ್ರೂಮಿಂಗ್ ಚೆಕ್ ಇರುತ್ತದೆ, ಆ ಸಾಮಾನಿನ ದುಡ್ಡು ಮಾತ್ರ ನಮ್ಮದೇ. ಏವಿಯೇಷನ್ ಕೋರ್ಸಿಗೆ ತೆಗೆದ ಸಾಲದ ಕಂತು 3,400.

ಉಳಿದದ್ದು 840 ರೂಪಾಯಿ. ಒಂದು ಸಲ ಜ್ವರ ಬಂದರೆ ಮುಗಿಯಿತು. ಸಂಬಳ 21,000 ದಾಟಿದ್ದರಿಂದ ಅವಳಿಗೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ, ಇಎಸ್‌ಐ ಕೂಡ ಇಲ್ಲ.

ಈಗ ಹೇಳಿ, ಇದು ಮನಸ್ಸಿನ ಪ್ರಶ್ನೆಯಾ?

ಸೀಟ್14ಸಿ

ಬೇಜಾರು ಮಾಡಿಕೊಳ್ಳಬೇಡಿ ಮೇಡಂ. 18 ಕೆಲಸಕ್ಕೆ 130 ಜನ ಬಂದರೆ ಸಂಬಳ ಯಾಕೆ ಏರುತ್ತದೆ? 2024ರ ಜುಲೈನಲ್ಲಿ ಮುಂಬೈನ ಕಲೀನಾದಲ್ಲಿ ಆದದ್ದು ನೆನಪಿದೆ ಅಲ್ವಾ. ಎರಡು ಸಾವಿರ ಚಿಲ್ಲರೆ ಹುದ್ದೆಗೆ ಸಾವಿರ ಸಾವಿರ ಹುಡುಗರು ಬಂದು ನೂಕುನುಗ್ಗಲಾಗಿ, ಕೊನೆಗೆ ಅರ್ಜಿ ಕೊಟ್ಟು ಹೋಗಿ ಎಂದು ಕಳಿಸಿದರು. ಜನ ಇದ್ದಾರೆ. ಒಬ್ಬ ಹೋದರೆ ಇನ್ನೊಬ್ಬ ಬರುತ್ತಾನೆ ಎಂದು ಕಂಪನಿಗೆ ಗೊತ್ತು.

ರ್‍ಯಾಂಪ್ ರಾಜಣ್ಣ

14ಸಿ ಸರ್, ಮುಂಬೈನಲ್ಲಿ ಜನ ಮುಗಿಬಿದ್ದದ್ದು ಲೋಡರ್ ಕೆಲಸಕ್ಕೆ, ಕೌಂಟರ್ ಕೆಲಸಕ್ಕಲ್ಲ. ಕರೆದದ್ದು ಎಐ ಏರ್‌ಪೋರ್ಟ್ ಸರ್ವೀಸಸ್. ಏರ್ ಇಂಡಿಯಾ ಟಾಟಾಗೆ ಹೋದ ಮೇಲೂ ಸರ್ಕಾರದ ಕೈಯಲ್ಲೇ ಉಳಿದ ಕಂಪನಿ ಅದು. ಆ ವರ್ಷದ ಅವರ ನೋಟಿಸ್‌ನಲ್ಲಿ ಹ್ಯಾಂಡಿಮ್ಯಾನ್‌ಗೆ, ಅಂದರೆ ಲೋಡರ್‌ಗೆ 22,530, ಕೌಂಟರ್‌ನಲ್ಲಿ ನಿಲ್ಲುವ ಕಸ್ಟಮರ್ ಸರ್ವಿಸ್ ಎಕ್ಸಿಕ್ಯುಟಿವ್‌ಗೆ 27,450 ಇತ್ತು. ಮೂರು ವರ್ಷದ ಕಾಂಟ್ರಾಕ್ಟ್. ಅರ್ಜಿಗೆ 500 ರೂಪಾಯಿ ಶುಲ್ಕ.

ಪದವಿ, ಇಂಗ್ಲಿಷ್, ಕಂಪ್ಯೂಟರ್, ನಗುಮುಖ ಎಲ್ಲ ಕೇಳುವ ಕೆಲಸಕ್ಕೂ ಬ್ಯಾಗ್ ಎತ್ತುವ ಕೆಲಸಕ್ಕೂ ಮಧ್ಯೆ ಐದು ಸಾವಿರವೂ ಇಲ್ಲ. ಬ್ಯಾಗ್ ಎತ್ತಿದವನು ನಾನು. ಅದು ಸುಲಭ ಎನ್ನುತ್ತಿಲ್ಲ, ಬೆನ್ನು ಇವತ್ತಿಗೂ ಸಾಕ್ಷಿ. ಆದರೆ ಬ್ಯಾಗ್ ಬಾಯಿಗೆ ಬಂದಂತೆ ಬಯ್ಯುವುದಿಲ್ಲ.

ಕೌಂಟರ್‌ಅಕ್ಕ

ರಾಜಣ್ಣ 😀

14ಸಿ ಸರ್, "ಇನ್ನೊಬ್ಬ ಬರುತ್ತಾನೆ" ಎನ್ನುವುದು ಹೋಟೆಲ್‌ನಲ್ಲೋ ಅಂಗಡಿಯಲ್ಲೋ ನಡೆಯಬಹುದು. ಇಲ್ಲಿ ಬಂದವನು ನಾಳೆಯೇ ಕೌಂಟರ್‌ನಲ್ಲಿ ನಿಲ್ಲಲು ಆಗುವುದಿಲ್ಲ. ವಿಮಾನಯಾನ ಭದ್ರತೆ ನೋಡುವ ಕೇಂದ್ರ ಸರ್ಕಾರದ ಬಿಸಿಎಎಸ್‌ನ ಏರ್‌ಪೋರ್ಟ್ ಎಂಟ್ರಿ ಪಾಸ್ ಬೇಕು. ಅದಕ್ಕೆ ಹಿನ್ನೆಲೆ ತಪಾಸಣೆ ಆಗಬೇಕು. ಹುಡುಗಿಯ ಊರು ಸಿಂಧನೂರು, ಈಗಿನ ವಿಳಾಸ ಪಿಜಿ, ಆಧಾರ್‌ನಲ್ಲಿ ಅಜ್ಜಿ ಮನೆ ವಿಳಾಸ ಎಂದರೆ ಪೊಲೀಸ್ ವೆರಿಫಿಕೇಷನ್ ಎಲ್ಲೆಲ್ಲಿ ಸುತ್ತುತ್ತದೋ ದೇವರೇ ಬಲ್ಲ. ಮಧ್ಯೆ ಸೆಕ್ಯುರಿಟಿ ಕ್ಲಾಸ್, ಸಿಸ್ಟಮ್ ಟ್ರೈನಿಂಗ್, ನಿಷೇಧಿತ ವಸ್ತುಗಳ ಪಾಠ. ನಮ್ಮಲ್ಲಿ ಆಫರ್ ಕೊಟ್ಟ ದಿನದಿಂದ ಒಬ್ಬಳೇ ಕೌಂಟರ್ ನಿಭಾಯಿಸುವವರೆಗೆ ಎರಡೂವರೆ ತಿಂಗಳು ಹಿಡಿಯುತ್ತದೆ.

22ರಲ್ಲಿ 7 ಜನ ಸೇರಲೇ ಇಲ್ಲ ಎಂದೆನಲ್ಲ, ಅವರು ಈ ಕಾಯುವಿಕೆಯಲ್ಲೇ ಹೋದವರು. ಪಾಸ್ ಬರುವ ತನಕ ಸಂಬಳ ಶುರುವಾಗುವುದಿಲ್ಲ. ಒಂದೂವರೆ ತಿಂಗಳು ಪಿಜಿ ಬಾಡಿಗೆ ಕಟ್ಟಿಕೊಂಡು ಯಾರು ಕೂರುತ್ತಾರೆ?

ಕೆಲಸ ಬಿಟ್ಟರೆ ಪಾಸ್ ವಾಪಸ್ ಕೊಡಬೇಕು. ಪಕ್ಕದ ಕೌಂಟರ್‌ನ ಕಂಪನಿಗೆ ಸೇರಿದರೂ ಮತ್ತೆ ಹೊಸ ಪಾಸ್. ಹಾಗಾಗಿ ಬೇಸತ್ತವರು ಪಕ್ಕದ ಕೌಂಟರ್‌ಗೆ ಹೋಗುವುದು ಕಡಿಮೆ, ಏರ್‌ಪೋರ್ಟನ್ನೇ ಬಿಟ್ಟು ಹೋಗುತ್ತಾರೆ. ನಮ್ಮಲ್ಲಿ ಇಬ್ಬರು ಬ್ಯಾಂಕಿನ ಕಾಲ್ ಸೆಂಟರ್‌ಗೆ, ಒಬ್ಬಳು ಚಿನ್ನದ ಅಂಗಡಿಗೆ ಹೋದಳು. ಚಿನ್ನದ ಅಂಗಡಿಯಲ್ಲಿ ಕೂತು ಕೆಲಸ ಮಾಡಬಹುದು ಅಕ್ಕ ಎಂದು ಸ್ಟೂಲಿನ ಫೋಟೋ ಕಳಿಸಿದ್ದಳು.

ಹಾಸನದ ಅಪ್ಪ

ಕೋರ್ಸಿನ ಸಾಲದ ವಿಷಯ ಬಂತಲ್ಲ, ಸ್ವಲ್ಪ ಹೇಳಲೇಬೇಕು. ಮಗಳಿಗೆ ಬಿ.ಕಾಂ. ಆದ ಮೇಲೆ ಒಂದು ಇನ್‌ಸ್ಟಿಟ್ಯೂಟ್‌ಗೆ ಸೇರಿಸಿದೆ. 1,10,000 ಫೀಸು. ಗೋಡೆ ತುಂಬ ಕೆಂಪು ಸ್ಕಾರ್ಫ್ ಕಟ್ಟಿದ ಹುಡುಗಿಯರ ಫೋಟೋ. "100 ಪರ್ಸೆಂಟ್ ಪ್ಲೇಸ್‌ಮೆಂಟ್ ಸರ್" ಎಂದರು. ಪ್ಲೇಸ್‌ಮೆಂಟ್ ಎಂದರೆ, ಯಾರು ಬೇಕಾದರೂ ಹೋಗಬಹುದಾದ ವಾಕ್-ಇನ್‌ಗೆ ಇವರೇ ಒಂದು ಬಸ್ಸಿನಲ್ಲಿ ಕರೆದುಕೊಂಡು ಹೋದದ್ದು! ಅಲ್ಲಿ ನನ್ನ ಮಗಳ ಪಕ್ಕ ಕೂತಿದ್ದ ಹುಡುಗಿ ಯಾವ ಕೋರ್ಸೂ ಮಾಡಿರಲಿಲ್ಲ. ಇಬ್ಬರೂ ಆಯ್ಕೆಯಾದರು. ಇಬ್ಬರಿಗೂ ಅದೇ ಸಂಬಳ.

ಅಕ್ಕ, ನಿಮ್ಮನ್ನೇ ಕೇಳುತ್ತೇನೆ. ಆ ಡಿಪ್ಲೊಮಾಗೆ ನೀವು ಏನಾದರೂ ಬೆಲೆ ಕೊಡುತ್ತೀರಾ?

ಕೌಂಟರ್‌ಅಕ್ಕ

ಸರ್, ನಿಜ ಹೇಳಿದರೆ ನೋವಾಗುತ್ತದೆ. ನಾನು ಇಂಟರ್‌ವ್ಯೂನಲ್ಲಿ ನೋಡುವುದು ಮೂರು: ಮಾತು ತಡವರಿಸದೆ ಬರುತ್ತದಾ, ಕನ್ನಡ ಹಿಂದಿ ಇಂಗ್ಲಿಷ್ ಮೂರೂ ಸಾಗುತ್ತದಾ, ಸಿಟ್ಟಿಗೆದ್ದವರ ಎದುರು ಮುಖ ಹೇಗಿರುತ್ತದೆ. ಸಿಸ್ಟಮ್ ನಾವೇ ಕಲಿಸಿಕೊಳ್ಳುತ್ತೇವೆ. ಬೇರೆ ಬೇರೆ ಸಂಸ್ಥೆಗೆ ಬೇರೆ ಬೇರೆ ಸಾಫ್ಟ್‌ವೇರ್ ಇರುತ್ತದೆ, ನವಿಟೇರ್, ಅಮೇಡಿಯಸ್ ಎಂದು. ಕೋರ್ಸಿನಲ್ಲಿ ಕಲಿತದ್ದು ಉಪಯೋಗಕ್ಕೆ ಬಂದದ್ದು ನಾನು ಕಂಡಿದ್ದು ಕಡಿಮೆ. ಜಡೆ ಸುತ್ತಿ ಬನ್ ಹಾಕುವುದನ್ನು ಮಾತ್ರ ಚೆನ್ನಾಗಿ ಕಲಿಸುತ್ತಾರೆ.

ದೇವನಹಳ್ಳಿ ಚಕ್ಕೋತ

ಹಾಸನದ ಸರ್‌ಗೆ ಇನ್ನೊಂದು ಮಾತು. ಕೋರ್ಸಿಗೆ ಕೊಟ್ಟದ್ದಾದರೂ ರಸೀತಿ ಇದೆ. ನಮ್ಮ ಊರಿನಲ್ಲಿ ಹುಡುಗರು "ಏರ್‌ಪೋರ್ಟ್‌ನಲ್ಲಿ ಕೆಲಸ, ಯೂನಿಫಾರ್ಮ್ ಡೆಪಾಸಿಟ್ 4,500" ಎಂದು ವಾಟ್ಸಾಪ್‌ನಲ್ಲಿ ಬಂದದ್ದಕ್ಕೆ ಗೂಗಲ್ ಪೇ ಮಾಡಿ ಕೂತಿದ್ದಾರೆ. ಕೆಲಸಕ್ಕೆ ಯಾರಿಗೂ ದುಡ್ಡು ಕೊಡಬೇಡಿ ಎಂದು ಏರ್‌ಪೋರ್ಟ್‌ನವರೇ ಎಷ್ಟು ಸಲ ಹೇಳಿದರೂ ಇದು ನಿಂತಿಲ್ಲ.

ನನ್ನ ಹೊಟ್ಟೆನೋವು ಬೇರೆ. ಈ ಏರ್‌ಪೋರ್ಟ್‌ಗೆ ಸುಮಾರು 4,000 ಎಕರೆ ಹೋಗಿದೆ. ನಮ್ಮ ದೊಡ್ಡಪ್ಪನ ಹೊಲವೂ ಅದರಲ್ಲಿತ್ತು. 2008ರಲ್ಲಿ ಶುರುವಾದಾಗ ಮನೆಗೊಂದು ಕೆಲಸ ಎಂದೇ ಎಲ್ಲರೂ ನಂಬಿದ್ದರು. ಸಿಕ್ಕಿದ್ದು ಟ್ರಾಲಿ ತಳ್ಳುವುದು, ನೆಲ ಒರೆಸುವುದು, ಹುಲ್ಲು ಕತ್ತರಿಸುವುದು. ಅಣ್ಣನ ಮಗಳು ಡಿಗ್ರಿ ಮುಗಿಸಿ ಕೌಂಟರ್ ಕೆಲಸಕ್ಕೆ ಹೋದರೆ "ಇಂಗ್ಲಿಷ್ ಆಕ್ಸೆಂಟ್ ಸರಿಯಿಲ್ಲ" ಎಂದರು. ಅದೇ ಕೌಂಟರ್‌ಗೆ ದೂರದ ರಾಜ್ಯದಿಂದ ಬಂದ ಹುಡುಗಿಯನ್ನು ತೆಗೆದುಕೊಂಡರು. ಅವಳು ಮೂರೇ ತಿಂಗಳಿಗೆ ಊರಿಗೆ ಹೋದಳು. ಅವಳದ್ದೂ ತಪ್ಪಿಲ್ಲ. ಆ ಸಂಬಳದಲ್ಲಿ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ ಬದುಕುವುದಕ್ಕೆ ಆಗುವುದಿಲ್ಲ. ನಮ್ಮ ಹುಡುಗಿಯಾದರೆ ಮನೆಯಲ್ಲೇ ಉಂಡು ಮನೆಯಲ್ಲೇ ಮಲಗುತ್ತಿದ್ದಳು. ಅವಳಿಗೆ ಈ 20,000 ಸಾಲುತ್ತಿತ್ತು.

ಹಳ್ಳಿಯಿಂದ ಬಂದ ಅಜ್ಜಿ ವ್ಹೀಲ್‌ಚೇರ್‌ನಲ್ಲಿ ಕೂತು "ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರವ್ವಾ" ಎಂದು ಕೇಳಿದಾಗ ಉತ್ತರ ಕೊಡುವುದಕ್ಕೆ ಯಾವ ಆಕ್ಸೆಂಟ್ ಬೇಕು?

ಕೌಂಟರ್‌ಅಕ್ಕ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಣ್ಣ. ಆ ಪಟ್ಟಿಯ ಮೇಲೆ ಟಿಕ್ ಹಾಕಿದವಳು ನಾನೂ ಹೌದು. ಒಂದು ಮಾತ್ರ ಹೇಳುತ್ತೇನೆ, ಉಳಿದ ಆ 6 ಜನರಲ್ಲಿ 4 ಜನ ದೊಡ್ಡಬಳ್ಳಾಪುರ, ಚಿಕ್ಕಜಾಲ, ಯಲಹಂಕ ಕಡೆಯವರೇ. ಮನೆಯಿಂದ ಬರುವವರು.

ಎಚ್‌ಎಎಲ್ ಕಾಲದವನು

ನಾನು ಕೆಲಸ ಮಾಡಿದ್ದು ಹಳೇ ಎಚ್‌ಎಎಲ್ ಏರ್‌ಪೋರ್ಟ್‌ನಲ್ಲಿ, ದೊಡ್ಡದೊಂದು ವಿಮಾನ ಸಂಸ್ಥೆಯ ಟ್ರಾಫಿಕ್ ಅಸಿಸ್ಟೆಂಟ್ ಆಗಿ. ಆಗ ಅದು ಕಾಯಂ ಕೆಲಸ. ಪೆನ್ಷನ್ ಉಂಟು, ಮನೆಯವರಿಗೆ ವಿಮಾನ ಪ್ರಯಾಣದ ಪಾಸ್ ಉಂಟು. ಮದುವೆ ಮಾರ್ಕೆಟ್‌ನಲ್ಲಿ ನಮಗೆ ಬ್ಯಾಂಕಿನವರಷ್ಟೇ ಬೆಲೆ! ಪ್ರಯಾಣಿಕರು ಕಡಿಮೆ, ಟಿಕೆಟ್ ದುಬಾರಿ.

2003ರಲ್ಲಿ ಏರ್ ಡೆಕ್ಕನ್ ಬೆಂಗಳೂರಿನಿಂದಲೇ ಶುರುವಾಯಿತು. ಎಲ್ಲರೂ ಹಾರಲಿ ಎಂದದ್ದು ಒಳ್ಳೆಯದೇ. ಆದರೆ ಟಿಕೆಟ್ ಅಗ್ಗವಾದಾಗ ಇಂಧನ ಅಗ್ಗವಾಗಲಿಲ್ಲ, ವಿಮಾನದ ಬಾಡಿಗೆ ಡಾಲರ್‌ನಲ್ಲೇ ಉಳಿಯಿತು. ಕೈಗೆ ಸಿಕ್ಕ ಖರ್ಚು ಒಂದೇ, ನೆಲದ ಮೇಲಿನ ಜನ. ಅವರನ್ನು ಹೊರಗುತ್ತಿಗೆಗೆ ಕೊಟ್ಟರು. ಆಮೇಲೆ 2012ರಲ್ಲಿ ಕಿಂಗ್‌ಫಿಷರ್ ನಿಂತಿತು, 2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್. ತಿಂಗಳುಗಟ್ಟಲೆ ಸಂಬಳವಿಲ್ಲದೆ ನಿಂತ ಕಿಂಗ್‌ಫಿಷರ್ ಹುಡುಗರನ್ನು ಕಂಡ ತಂದೆ ತಾಯಿ ಇವತ್ತು ಮಗಳನ್ನು ಈ ಕೆಲಸಕ್ಕೆ ಕಳಿಸಲು ಹಿಂದೆ ಮುಂದೆ ನೋಡಿದರೆ ಆಶ್ಚರ್ಯ ಏನಿದೆ?

ರ್‍ಯಾಂಪ್ ರಾಜಣ್ಣ

ವಿಮಾನ ಸಂಸ್ಥೆಯೇ ಮುಳುಗಬೇಕಿಲ್ಲ ಸಾರ್. ಏರ್‌ಪೋರ್ಟ್‌ಗಳಲ್ಲಿ ನೆಲದ ಮೇಲಿನ ಕೆಲಸ ನೋಡುತ್ತಿದ್ದ ಟರ್ಕಿ ಮೂಲದ ಕಂಪನಿ ಸೆಲೆಬಿಯ ಸೆಕ್ಯುರಿಟಿ ಕ್ಲಿಯರೆನ್ಸ್ 2025ರ ಮೇ 15ಕ್ಕೆ ರದ್ದಾಯಿತಲ್ಲ, ಟರ್ಕಿ ವಿಷಯಕ್ಕೆ. ಬೆಂಗಳೂರಿನಲ್ಲೂ ಅವರ ಜನ ಇದ್ದರು. ರಾತ್ರಿ ಒಂದು ಕಂಪನಿ, ಬೆಳಿಗ್ಗೆ ಇನ್ನೊಂದು. ಜನರನ್ನು ಬೇರೆ ಕಂಪನಿಗಳು ತೆಗೆದುಕೊಳ್ಳುವ ಏರ್ಪಾಡಾಯಿತು ಬಿಡಿ. ಆದರೆ ಎಲ್ಲೋ ದೆಹಲಿಯಲ್ಲಿ ಒಂದು ಸಹಿ ಬಿದ್ದರೆ ಇಲ್ಲಿ ಟ್ರಾಲಿ ಎಳೆಯುವವನ ಎದೆ ಹೊಡೆದುಕೊಳ್ಳುತ್ತದೆ.

ಸೋಗಾನೆ ಸೀತಾಳೆ

ಶಿವಮೊಗ್ಗದಲ್ಲಿ 2023ರ ಆಗಸ್ಟ್ 31ಕ್ಕೆ ವಿಮಾನ ಶುರುವಾಯಿತು. ಇಲ್ಲಿ ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಕೊಟ್ಟ ಹುಡುಗಿಯೇ ಆಮೇಲೆ ಗೇಟ್‌ನಲ್ಲೂ ನಿಂತಿರುತ್ತಾಳೆ.  ಸಂಬಳ ಕಡಿಮೆಯೇ, ಆದರೆ ಇಲ್ಲೇ ಕೆಲಸ ಮಾಡುವ ನನ್ನ ತಂಗಿ ಹತ್ತು ನಿಮಿಷದಲ್ಲಿ ಮನೆಗೆ ಬರುತ್ತಾಳೆ. ಬೆಂಗಳೂರಿಗೆ ಪ್ರಮೋಷನ್ ಕೊಟ್ಟರೂ ಒಲ್ಲೆ ಎಂದಿದ್ದಾಳೆ.

ಆಮ್‌ಸ್ಟೆಲ್‌ವೀನ್ ಕನ್ನಡಿಗ

ಇಲ್ಲಿ ನೆದರ್ಲೆಂಡ್ಸ್‌ನಲ್ಲಿ ಇದೇ ಪಾಠ ಕಣ್ಣಾರೆ ಕಂಡೆವು. ಕೊರೋನಾದಲ್ಲಿ ಜನರನ್ನು ಕಳಿಸಿದರು. 2022ರ ಬೇಸಿಗೆಯಲ್ಲಿ ಎಲ್ಲರೂ ಹಾರಲು ಹೊರಟಾಗ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ಏರ್‌ಪೋರ್ಟ್‌ನಲ್ಲಿ ಸೆಕ್ಯುರಿಟಿಗೂ ಲಗೇಜಿಗೂ ಜನ ಇಲ್ಲ. ಸಾಲು ಕಟ್ಟಡದ ಹೊರಗೆ ಬಂದಿತ್ತು. ಕೊನೆಗೆ ಯೂನಿಯನ್ ಜೊತೆ ಕೂತು, ಬೇಸಿಗೆಗೆ ಮಾತ್ರ ಗಂಟೆಗೆ 5.25 ಯೂರೋ ಜಾಸ್ತಿ ಎಂದರು. ಪರಿಸ್ಥಿತಿ ಸ್ವಲ್ಪ ತಹಬಂದಿಗೆ ಬಂತು. ಸೆಪ್ಟೆಂಬರ್‌ನಲ್ಲಿ ಆ ಬೋನಸ್ ನಿಂತಿತು. ಸಾಲು ಮತ್ತೆ ಹೊರಗೆ! ಅದೇ ತಿಂಗಳು ಸ್ಕಿಪೋಲ್‌ನ ಮುಖ್ಯಸ್ಥರು ರಾಜೀನಾಮೆ ಕೊಟ್ಟರು.

ಇಲ್ಲಿಯೂ ಮೊದಲು ಹೇಳಿದ್ದು "ಜನ ಸಿಗುತ್ತಿಲ್ಲ" ಎಂದೇ.

ಸೀಟ್14ಸಿ

ಸರಿ, ಸಂಬಳ ಸಾಲದಿದ್ದರೆ ಜನ ನಿಲ್ಲುವುದಿಲ್ಲ ಎನ್ನುವ ಮಾತು ಒಪ್ಪುತ್ತೇನೆ. ಆದರೆ ಮುಂದೆ ಈ ಕೆಲಸವೇ ಇರುತ್ತದಾ? ಮುಖ ಗುರುತಿಸಿ ಒಳಗೆ ಬಿಡುವ ಡಿಜಿಯಾತ್ರಾ 2022ರ ಡಿಸೆಂಬರ್‌ನಲ್ಲೇ ಬೆಂಗಳೂರಿಗೆ ಬಂತು. ನಾನು ಮನೆಯಲ್ಲೇ ವೆಬ್ ಚೆಕ್-ಇನ್ ಮಾಡಿ, ಬ್ಯಾಗನ್ನು ನಾನೇ ಮಷಿನ್‌ಗೆ ಹಾಕಿ, ಮುಖ ತೋರಿಸಿ ಒಳಗೆ ಹೋಗುತ್ತೇನೆ. ಒಬ್ಬ ಸಿಬ್ಬಂದಿಯ ಜೊತೆಗೂ ಮಾತಾಡುವುದಿಲ್ಲ.

ಕೌಂಟರ್‌ಅಕ್ಕ

ಮಾತಾಡುವುದಿಲ್ಲ, ಏಕೆಂದರೆ ನಿಮ್ಮದು ಸುಲಭದ ಕೇಸು ಸರ್. ಬೇಜಾರು ಮಾಡಿಕೊಳ್ಳಬೇಡಿ 😀

ಮೊದಲು ನನ್ನ ಕೌಂಟರ್‌ಗೆ ಹತ್ತು ಜನ ಬಂದರೆ ಎಂಟು ಜನ ನಿಮ್ಮಂಥವರು. ಟಿಕೆಟ್, ಐಡಿ, ಬ್ಯಾಗ್, ಕಿಟಕಿ ಸೀಟ್ ಇದೆಯಾ, ಥ್ಯಾಂಕ್ಯೂ. ಆ ಎಂಟು ಜನರ ಮಧ್ಯೆ ನಾವು ಉಸಿರು ಬಿಡುತ್ತಿದ್ದೆವು. ಈಗ ಆ ಎಂಟು ಜನ ಮಷಿನ್‌ಗೆ ಹೋದರು. ಕೌಂಟರ್‌ಗೆ ಬರುವವರು ಟಿಕೆಟ್‌ನಲ್ಲಿ ಹೆಸರು ತಪ್ಪಾದವರು, ಬ್ಯಾಗ್ ಮಿತಿ ಮೀರಿ 23 ಕಿಲೋ ಇದ್ದರೂ ಹೆಚ್ಚಿನ ದುಡ್ಡು ಕಟ್ಟುವುದಿಲ್ಲ ಎನ್ನುವವರು, ಕೌಂಟರ್ ಮುಚ್ಚಿದ ಮೇಲೆ ಸಾದಹಳ್ಳಿ ಟೋಲ್ ಟ್ರಾಫಿಕ್ ಬಗ್ಗೆ ಹೇಳುತ್ತ ಓಡಿ ಬರುವವರು, ಆಸ್ಪತ್ರೆಗೆ ಹೊರಟ ರೋಗಿಗಳು, ಕನೆಕ್ಷನ್ ತಪ್ಪಿದವರು. ಹತ್ತಕ್ಕೆ ಹತ್ತೂ ಗಂಟು. ಮಷಿನ್ ಬಂತು ಎಂದು ಕೌಂಟರ್‌ಗಳನ್ನು ಆರರಿಂದ ಮೂರಕ್ಕೆ ಇಳಿಸಿದರು. ಸಂಬಳ ಮಾತ್ರ ಹಳೆಯ ಸುಲಭದ ಕೆಲಸದ್ದೇ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆ ಹುಡುಗಿಯ ಕೈಯಲ್ಲಿ ಏನೂ ಇಲ್ಲ. 500 ರೂಪಾಯಿ ಬಿಡಬೇಕಾದರೂ ನನ್ನನ್ನು ಕೇಳಬೇಕು, ನಾನು ಇನ್ನೊಬ್ಬರಿಗೆ ಫೋನ್ ಮಾಡಬೇಕು. 2025ರ ಡಿಸೆಂಬರ್ ಮೊದಲ ವಾರ ದೇಶದಲ್ಲೆಲ್ಲ ವಿಮಾನಗಳು ರದ್ದಾದವಲ್ಲ. ಕಾರಣ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ, ಅದಕ್ಕೆ ತಕ್ಕಷ್ಟು ಪೈಲಟ್‌ಗಳಿಲ್ಲದ್ದು. ಕೌಂಟರ್‌ನ ಹುಡುಗಿ ಅದನ್ನು ಮಾಡಿದ್ದಲ್ಲ, ಸರಿಮಾಡುವುದಕ್ಕೂ ಅವಳಿಂದ ಆಗುವುದಿಲ್ಲ. ಮುಂದಿನ ವಿಮಾನ ಯಾವಾಗ ಎಂದು ಅವಳಿಗೂ ಅದೇ ಆ್ಯಪ್ ನೋಡಿಯೇ ಗೊತ್ತಾಗಬೇಕು. ಆದರೆ ಜನ ಏರಿ ಬಂದದ್ದು ಅವಳ ಮೈಮೇಲೆ. ನಾನು ಆ ವಾರ ಟರ್ಮಿನಲ್‌ನಲ್ಲೇ ಇದ್ದೆ. ಒಬ್ಬಳು ಕೌಂಟರ್ ಕೆಳಗೆ ಬಗ್ಗಿ ಪ್ರಿಂಟರ್ ಪೇಪರ್ ಹಾಕುವ ಹಾಗೆ ಮಾಡಿ ಅತ್ತಳು, ಎದ್ದು "ಸಾರಿ ಸರ್, ಹೇಳಿ" ಎಂದಳು. ನಾನು ಲೆಕ್ಕ ಬರೆದದ್ದು ಅವಳದ್ದೇ, ಆ 840 ರೂಪಾಯಿಯವಳದ್ದು.

ಸೀಟ್14ಸಿ

ಆ ವಾರ ಕೂಗಾಡಿದವರಲ್ಲಿ ನಾನೂ ಒಬ್ಬ. ಅಕ್ಕನ ಮಗಳ ನಿಶ್ಚಿತಾರ್ಥ ತಪ್ಪಿತು. ಯಾರ ಮೇಲೆ ಕೂಗಾಡಿದೆ ಎಂದು ಈಗ ಮುಖವೂ ನೆನಪಿಲ್ಲ.

ಎಚ್‌ಆರ್ ಸುಮ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಇದೇ ಕ್ಷೇತ್ರದಲ್ಲಿ ನೇಮಕಾತಿ ನೋಡುವವಳು, ಬಯ್ಯುವುದಿದ್ದರೆ ಮೆಲ್ಲಗೆ ಬಯ್ಯಿರಿ.

ನಮ್ಮ ಕೈ ಕಟ್ಟುವುದು ಟೆಂಡರ್. ಕೌಂಟರ್, ಬ್ಯಾಗು ಮುಂತಾದ ನೆಲದ ಕೆಲಸ ನೋಡುವ ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಗೆ ವಿಮಾನ ಸಂಸ್ಥೆ ಒಂದು ವಿಮಾನಕ್ಕೆ ಇಷ್ಟು ಎಂದು ದರ ಕಟ್ಟುತ್ತದೆ. ನಾವು 2,000 ಜಾಸ್ತಿ ಕೊಟ್ಟರೆ ಮುಂದಿನ ಸಲ ಕಡಿಮೆ ದರ ಹಾಕಿದವನಿಗೆ ಹೋಗುತ್ತದೆ. ಒಬ್ಬರನ್ನು ಹುಡುಕಿ, ತರಬೇತಿ ಕೊಟ್ಟು, ಪಾಸ್ ಮಾಡಿಸಿ ಮೂರನೇ ತಿಂಗಳಿಗೆ ಕಳೆದುಕೊಳ್ಳುವ ಖರ್ಚು ಬೇರೆ ಲೆಕ್ಕದ ಹಾಳೆಯಲ್ಲಿ ಹೋಗುತ್ತದೆ. ಎರಡೂ ಹಾಳೆಯನ್ನು ಒಟ್ಟಿಗೆ ಇಟ್ಟು ನೋಡಿದವರನ್ನು ನಾನಂತೂ ಕಂಡಿಲ್ಲ. ಬೆಂಗಳೂರಿನಲ್ಲಿ 2024-25ರಲ್ಲಿ ಸುಮಾರು 4.19 ಕೋಟಿ ಜನ ಓಡಾಡಿದ್ದಾರೆ, ವ್ಯಾಪಾರ ಇಲ್ಲ ಎನ್ನುವ ಹಾಗಿಲ್ಲ.

ಈಗ ಪೈಪೋಟಿಯೂ ಬಂದಿದೆ. ದೇವನಹಳ್ಳಿ ಹತ್ತಿರ ಫಾಕ್ಸ್‌ಕಾನ್ ಐಫೋನ್ ಕಾರ್ಖಾನೆ ಹೆಣ್ಣುಮಕ್ಕಳನ್ನೇ ಜಾಸ್ತಿ ತೆಗೆದುಕೊಳ್ಳುತ್ತಿದೆ, ಇರಲು ಜಾಗವನ್ನೂ ಕೊಡುತ್ತಿದೆ. ಅಲ್ಲಿ ಲಿಪ್‌ಸ್ಟಿಕ್ ಕೇಳುವುದಿಲ್ಲ.

ಸೇರುವವರಿಗೆ ಒಂದು ಉಪಯೋಗದ ವಿಷಯ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಫಿಕ್ಸೆಡ್ ಟರ್ಮ್ ಮೇಲೆ, ಅಂದರೆ ಇಷ್ಟು ಅವಧಿಗೆ ಎಂದು ನೇರವಾಗಿ ಕಂಪನಿಗೆ ಸೇರಿದವರಿಗೆ ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ನಿಮ್ಮ ಪತ್ರದಲ್ಲಿ ಫಿಕ್ಸೆಡ್ ಟರ್ಮ್ ಎಂದಿದೆಯಾ, ಏಜೆನ್ಸಿಯ ಕಾಂಟ್ರಾಕ್ಟ್ ಎಂದಿದೆಯಾ ನೋಡಿಕೊಳ್ಳಿ. ಎರಡೂ ಒಂದೇ ಅಲ್ಲ.

ವಿಜಯಪುರ ವಾಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ಬಿ.ಎ. ಮುಗಿದಿದೆ. ಮೊನ್ನೆ ಒಂದು ಕಂಪನಿಯಿಂದ ಕೌಂಟರ್ ಕೆಲಸಕ್ಕೆ ಆಫರ್ ಬಂತು. ಇದನ್ನೆಲ್ಲ ಓದಿ ಭಯವಾಗಿದೆ. ಸೇರಬಾರದಾ ಅಕ್ಕ?

ಕೌಂಟರ್‌ಅಕ್ಕ

ಸೇರಬೇಡ ಎಂದು ನಾನು ಹೇಳುವುದಿಲ್ಲ ತಂಗಿ. ನನಗೆ ಈ ಕೆಲಸ ಇಷ್ಟ. ಮೊದಲ ಸಲ ಹಾರುವ ಒಬ್ಬ ತಾತ ಗೇಟ್‌ನಲ್ಲಿ ನಿಂತು ವಿಮಾನ ನೋಡುತ್ತ ಚಪ್ಪಲಿ ಬಿಡಲು ಹೋದದ್ದನ್ನು ನೋಡಿದ ದಿನ ನನಗೆ ಸಂಬಳ ನೆನಪಾಗಲಿಲ್ಲ. ಬಾಡಿಗೆ ಕಟ್ಟುವ ದಿನ ನೆನಪಾಯಿತು, ಅದು ಬೇರೆ.

ನಿನಗೆ ಮನೆ ಹತ್ತಿರ ಇದೆ, ಅದು ದೊಡ್ಡದು. ಸಹಿ ಹಾಕುವ ಮೊದಲು ಕೈಗೆ ಬರುವ ಸಂಬಳ ಎಷ್ಟು ಎಂದು ಕೇಳು, ಸಿಟಿಸಿ ಅಲ್ಲ. ಪಾಸ್ ಬರುವ ತನಕ ಸಂಬಳ ಇದೆಯಾ ಕೇಳು. ಬಾಂಡ್ ಇದ್ದರೆ ಎಷ್ಟು ತಿಂಗಳದ್ದು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತಾರಾ ಕೇಳು. ಇಟ್ಟುಕೊಳ್ಳುತ್ತೇವೆ ಎಂದರೆ ಎದ್ದು ಬಾ. ಎಲ್ಲಕ್ಕಿಂತ ಮೊದಲು ಕ್ಯಾಬ್ ಕೇಳು. ನಮ್ಮ ಬೆಳಗಿನ ಶಿಫ್ಟ್ 3 ಗಂಟೆಗೆ ಶುರು.

ವಿಜಯಪುರ ವಾಣಿ

ಫೋನ್ ಮಾಡಿ ಕೇಳಿದೆ ಅಕ್ಕ. ಕೈಗೆ 19,800. ಟ್ರೈನಿಂಗ್ ದಿನಗಳಿಗೆ ಅರ್ಧ ಸಂಬಳ. ಬಾಂಡ್ ಇಲ್ಲ. ಆದರೆ ಕ್ಯಾಬ್ ದೇವನಹಳ್ಳಿ ಬಸ್ ಸ್ಟ್ಯಾಂಡ್ ತನಕ ಮಾತ್ರ ಬರುತ್ತದಂತೆ. ಅಲ್ಲಿಗೆ ರಾತ್ರಿ ಎರಡು ಗಂಟೆಗೆ ಹೇಗೆ ಹೋಗುವುದು ಎಂದರೆ "ಬೇರೆ ಹುಡುಗಿಯರು ಹೇಗೋ ಬರುತ್ತಾರೆ" ಎಂದರು. ಅಪ್ಪ ಬೇಡ ಎನ್ನುತ್ತಿದ್ದಾರೆ.

ಎಚ್‌ಆರ್ ಸುಮ

"ಹೇಗೋ" ಎನ್ನುವ ಉತ್ತರ ನಡೆಯುವುದಿಲ್ಲ ವಾಣಿ. ರಾತ್ರಿ ಪಾಳಿಗೆ ಹೆಣ್ಣುಮಕ್ಕಳನ್ನು ಹಾಕಿದರೆ ಅವರ ಒಪ್ಪಿಗೆ ಬೇಕು, ಮನೆಗೆ ಸುರಕ್ಷಿತವಾಗಿ ಬಂದು ಹೋಗುವ ವ್ಯವಸ್ಥೆಯನ್ನು ಕಂಪನಿಯೇ ಮಾಡಬೇಕು. ಫೋನ್‌ನಲ್ಲಿ ಬೇಡ, ಇಮೇಲ್‌ನಲ್ಲಿ ಕೇಳಿ. ಬರಹದಲ್ಲಿ ಕೇಳಿದಾಗ ಉತ್ತರ ಬದಲಾಗುವುದನ್ನು ನಾನೇ ನೋಡಿದ್ದೇನೆ.

ವಿಜಯಪುರ ವಾಣಿ

ಇಮೇಲ್ ಕಳಿಸಿದ್ದೇನೆ. ಸೋಮವಾರದ ಒಳಗೆ ಹೇಳುತ್ತೇವೆ ಎಂದು ಒಂದು ಸಾಲು ಬಂದಿದೆ.

ದೇವನಹಳ್ಳಿ ಚಕ್ಕೋತ

ವಾಣಿಯಮ್ಮ, ಸೋಮವಾರ ಏನು ಹೇಳಿದರು ಎಂದು ಇಲ್ಲೇ ಬರೆಯಿರಿ. ನಮ್ಮ ಅಣ್ಣನ ಮಗಳೂ ಅದೇ ಕಂಪನಿಗೆ ಮತ್ತೆ ಅರ್ಜಿ ಹಾಕಬೇಕು ಎಂದು ಕೂತಿದ್ದಾಳೆ. ವಿಜಯಪುರದಿಂದ ಬರುವ ಕ್ಯಾಬ್ ನಮ್ಮ ಊರಿನ ಗೇಟ್ ದಾಟಿಯೇ ಹೋಗಬೇಕು. ಇಬ್ಬರಾದರೆ ಇಲ್ಲ ಎನ್ನುವುದು ಅವರಿಗೂ ಕಷ್ಟ.